ಒಂದೇ ಸಲ ಹೇಳಿದ ಮಾತು

ಮೂವತ್ತೊಂದು ವರ್ಷ ನಾನು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದೆ. ಅದರಲ್ಲಿ ಹೆಚ್ಚಿನ ವರ್ಷಗಳು ಗೋಕಾಕದಿಂದ ಕಲ್ಲೋಳಿ, ನಾಗನೂರ ಹಾಯ್ದು ಮೂಡಲಗಿಗೆ ಹೋಗಿಬರುವ ಗಾಡಿಯ ಮೇಲೆಯೇ ಕಳೆದವು. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆ ಹೇಗಿರುತ್ತದೆ ಎಂದು ಅಲ್ಲಿ ಓಡಾಡಿದವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಮುಂದೆ ನೋಡದೆ ಒಳಹಾದಿಯಿಂದ ನುಗ್ಗುವ ಬೈಕುಗಳು, ರಸ್ತೆಯ ನಡುವೆ ನಿಂತ ಎಮ್ಮೆಗಳು. ಅಷ್ಟು ವರ್ಷಗಳಲ್ಲಿ ನನ್ನ ಗಾಡಿಗೆ ಒಂದು ಕೋಳಿಮರಿಯೂ ಸಿಕ್ಕು ಸತ್ತಿಲ್ಲ. ನಿವೃತ್ತಿಯ ದಿನ ಡಿಪೋದಲ್ಲಿ ಶಾಲು ಹೊದಿಸಿದರು. ಮ್ಯಾನೇಜರ್ ಸಾಹೇಬರು, "ಇವರಷ್ಟ ಧ್ಯಾಸ ಇಟ್ಟು ಗಾಡಿ ಹೊಡದಾವ್ರನ್ನ ನಾ ನೋಡಿಲ್ಲ" ಎಂದರು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ಧ್ಯಾಸ ಎಂದರೆ ನಮ್ಮ ಕಡೆ ಲಕ್ಷ್ಯ, ನೆನಪು, ಎಚ್ಚರ ಎಲ್ಲವೂ ಸೇರಿದ ಮಾತು. ಗಾಡಿಯಿಂದ ಇಳಿದ ಮೇಲೆ ನನಗೆ ಅದು ಎಷ್ಟಿರುತ್ತದೆ ಎಂದು ಆಕೆಗೊಬ್ಬಳಿಗೇ ಗೊತ್ತಿತ್ತು.

ನಾನು ಚಿಕ್ಕವನಿದ್ದಾಗಿನಿಂದಲೂ ಹಾಗೆಯೇ. ಸಾಲಿಯಲ್ಲಿ ಬರೆಯುವ ಪಾಟಿಯನ್ನು ವಾರಕ್ಕೊಂದು ಕಳೆಯುತ್ತಿದ್ದೆ. ಅವ್ವ ಎಣ್ಣೆ ತರಲು ಕಳಿಸಿದರೆ ಹಾದಿಯಲ್ಲಿ ಯಾರೋ ಬಾವಿ ತೋಡುವುದನ್ನು ನೋಡುತ್ತ ಸಂಜೆಯವರೆಗೆ ನಿಂತುಬಿಡುತ್ತಿದ್ದೆ. ಸಾಲಿ ಮಾಸ್ತರರು ನನ್ನನ್ನು ಕಿಟಕಿಯಿಂದ ದೂರ ಕೂರಿಸಿದರು, ಬೆಂಚಿನ ಮೇಲೆ ನಿಲ್ಲಿಸಿದರು, ಕೊನೆಗೆ ಧ್ಯಾಸಗೇಡಿ ಎಂದು ಹೆಸರಿಟ್ಟು ಕೈಬಿಟ್ಟರು. ಏಳನೆಯ ಇಯತ್ತೆಗೆ ಸಾಲಿ ಮುಗಿಯಿತು. ಒಂದು ಗ್ಯಾರೇಜಿಗೆ ಸೇರಿಕೊಂಡೆ. ಅಲ್ಲಿ ಸ್ಟೇರಿಂಗ್ ಹಿಡಿದ ದಿನ ಮೊದಲ ಬಾರಿಗೆ ನನ್ನ ತಲೆಯೊಳಗಿನ ಗದ್ದಲ ನಿಂತಿತು. ಕಣ್ಣು, ಕೈ, ಕಾಲು, ಮನಸ್ಸು ನಾಲ್ಕೂ ಒಂದೇ ಕಡೆ ಇದ್ದವು. ಬೇರೆಯವರಿಗೆ ಇದು ದಿನವೂ ಹೀಗೇ ಇರುತ್ತದೇನೋ ಎಂದು ಅಂದು ಆಶ್ಚರ್ಯಪಟ್ಟದ್ದು ನೆನಪಿದೆ.

ಮದುವೆಯಾದ ಮೇಲೆ ಗಾಡಿಯ ಹೊರಗಿನದನ್ನೆಲ್ಲ ಆಕೆ ನೋಡಿಕೊಂಡಳು. ಆಕೆಯ ತವರು ಹುಕ್ಕೇರಿ ತಾಲೂಕಿನ ಘೋಡಗೇರಿ. ಒಕ್ಕಲುತನದ ಮನೆ. ಮಾತು ಕಡಿಮೆ, ಕೈ ಚುರುಕು. ನಾನು ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಒಂದೊಂದೇ ಕೇಳುತ್ತಿದ್ದಳು. "ಲೈಸನ್ಸ್? ಚಸ್ಮಾ? ಡಬ್ಬಿ?" ನಾನು ಕಿಸೆ ಮುಟ್ಟಿ ತೋರಿಸಬೇಕು. ಐವತ್ತರ ಹೊತ್ತಿಗೆ ನನಗೆ ಬಿ.ಪಿ. ಶುರುವಾಯಿತು, ಮುಂದೆ ಶುಗರ್ ಕೂಡ. ಗುಳಿಗೆಯನ್ನು ಆಕೆ ಕೈಯಲ್ಲಿ ಕೊಡುತ್ತಿರಲಿಲ್ಲ, ಬಾಯಲ್ಲೇ ಹಾಕಿ ನೀರು ಕೊಡುತ್ತಿದ್ದಳು. ಕೈಯಲ್ಲಿ ಕೊಟ್ಟರೆ ಅದನ್ನು ಎಲ್ಲೋ ಇಟ್ಟು ಹೋಗುತ್ತೇನೆಂದು ಗೊತ್ತಿತ್ತು. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಎಲ್ಲವೂ ಆಕೆಯ ಲೆಕ್ಕ. ನನ್ನ ವಯಸ್ಸಿನ ಡ್ರೈವರುಗಳಲ್ಲಿ ಬಹಳ ಮಂದಿ ಕಾಯಿಲೆಬಿದ್ದರು. ನಾನು ಗಟ್ಟಿಯಾಗಿದ್ದೆ. ಅದು ನನ್ನ ಮೈಕಟ್ಟಿನ ಗುಣ ಎಂದು ನಂಬಿದ್ದೆ.

ನಿವೃತ್ತಿಯಾದ ಮೇಲೆ ನನ್ನನ್ನು ಹಿಡಿದಿಡುವ ರಸ್ತೆ ಇಲ್ಲದಾಯಿತು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಳಿಗ್ಗೆ ಮಿಕ್ಸರ್ ಬಿಚ್ಚಿ ಹರವಿಕೊಂಡರೆ, ಅದು ಮುಗಿಯುವ ಮೊದಲೇ ನಲ್ಲಿ ಸೋರುವುದು ಕಣ್ಣಿಗೆ ಬಿದ್ದು ಆ ಕಡೆ ಹೋಗುತ್ತಿದ್ದೆ. ನಲ್ಲಿ ಬಿಚ್ಚುವ ಪಾನಾ ತರಲೆಂದು ಹೊರಬಿದ್ದವನು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಕಂಡಕ್ಟರುಗಳ ಜೊತೆ ಕುಳಿತಿರುತ್ತಿದ್ದೆ. ಮನೆ ತುಂಬ ಅರ್ಧ ಬಿಚ್ಚಿದ ಸಾಮಾನು. ಆಕೆ ಅವುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಕಸ ಗುಡಿಸುತ್ತಿದ್ದಳು.

ನಿವೃತ್ತಿಯಾಗಿ ಎರಡು ವರ್ಷ ಕಳೆದಿತ್ತು. ಕಾರಹುಣ್ಣಿಮೆ ಮುಗಿದ ಮೇಲಿನ ಒಂದು ಮುಂಜಾನೆ. ನಾನು ಚಹಾ ಕುಡಿಯುತ್ತಿದ್ದೆ. ಆಕೆ ಒಳಗಿನಿಂದ ಬಂದು ಎದುರಿಗೆ ಕುಳಿತಳು. ಹಾಗೆ ಎದುರಿಗೆ ಕೂರುವವಳಲ್ಲ.

"ಒಂದ್ ಮಾತ ಹೇಳೂದಿತ್ತರಿ," ಎಂದಳು. "ನನ್ನ ಎದಿಯಾಗ ಒಂದ್ ಗಂಟಿನಂಗ ಆಗೇತಿ. ನೋವಿಲ್ಲ. ಆದ್ರ ತಿಂಗಳಾತು, ಹೋಗವಲ್ದು."

ನಾನು ಕಪ್ಪು ಕೆಳಗಿಟ್ಟೆ. ಹೆದರಿಕೆಯಾಯಿತು. ಅದು ಸುಳ್ಳಲ್ಲ. "ಸೋಮವಾರ ಬೆಳಗಾಂವಿಗೆ ಹೋಗೂಣು. ದೊಡ್ಡ ದವಾಖಾನ್ಯಾಗ ತೋರಸೂಣು. ನೀ ಏನ್ ಚಿಂತಿ ಮಾಡಬ್ಯಾಡ," ಎಂದೆ.

"ಹೂಂನ್ರಿ," ಎಂದಳು. ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಅಂದು ಶುಕ್ರವಾರ. ಸೋಮವಾರ ಮುಂಜಾನೆ ಓಣಿಯಲ್ಲಿ ಒಬ್ಬರ ಬೋರಿನ ಮೋಟಾರು ಸುಟ್ಟಿತು. ಕರೆಯಲು ಬಂದರು. ಹೋದೆ. ಮೋಟಾರು ಬಿಚ್ಚಿದೆವು, ಸುರುಳಿ ಸುತ್ತಿಸಲು ಪೇಟೆಗೆ ಒಯ್ದೆವು, ಮತ್ತೆ ಇಳಿಬಿಟ್ಟೆವು. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಆಕೆ ಒಳ್ಳೆಯದೊಂದು ಸೀರೆ ಉಟ್ಟುಕೊಂಡಿದ್ದಳು. ಎಲ್ಲಿಗಾದರೂ ಹೋಗಿದ್ದಳೇನೋ ಎಂದುಕೊಂಡೆನೇ ಹೊರತು ಕೇಳಲಿಲ್ಲ. ಕೈಕಾಲು ತೊಳೆದು, ಆ ಮೋಟಾರಿನ ಕತೆಯನ್ನೇ ಹೇಳುತ್ತ ಊಟ ಮಾಡಿದೆ. ಆಕೆ ಬಡಿಸಿದಳು. ನನ್ನ ಬಾಯಿಗೆ ಗುಳಿಗೆ ಹಾಕಿ ನೀರು ಕೊಟ್ಟಳು.

ಆ ಮಾತು ನನ್ನ ತಲೆಯಿಂದ ಹೋಗಿಬಿಟ್ಟಿತು. ಇದನ್ನು ಹೇಗೆ ಹೇಳಿದರೂ ಯಾರೂ ನಂಬುವುದಿಲ್ಲ. ನೆನಪಿದ್ದೂ ಮುಚ್ಚಿಟ್ಟುಕೊಂಡ ಹಾಗಲ್ಲ, ಬೇಡವೆಂದು ತಳ್ಳಿದ ಹಾಗಲ್ಲ. ಅದು ಇರಲೇ ಇಲ್ಲ ಎನ್ನುವ ಹಾಗೆ ಹೋಯಿತು. ಪಂಚಮಿ ಬಂತು, ಆಕೆ ತವರಿಗೆ ಹೋಗಿ ಎರಡು ದಿನ ಇದ್ದು ಬಂದಳು. ಗಣೇಶ ಚೌತಿ, ದಸರಾ ಆದವು. ಆಕೆ ಸೊರಗಿದ್ದಳು, ಒಂದು ಕೈಯಿಂದಲೇ ರೊಟ್ಟಿ ತಟ್ಟುತ್ತಿದ್ದಳು. ಈಗ ಕಣ್ಣು ಮುಚ್ಚಿದರೆ ಅದೆಲ್ಲ ಕಾಣುತ್ತದೆ. ಆಗ ಕಂಡದ್ದು ಒಳಗೆ ಇಳಿಯಲಿಲ್ಲ.

ದೀಪಾವಳಿಗೆ ಮಗಳು ಬಂದಳು. ನಮಗಿರುವುದು ಒಬ್ಬಳೇ ಮಗಳು. ಹುಕ್ಕೇರಿಗೆ ಕೊಟ್ಟಿದ್ದೇವೆ, ಅಲ್ಲೇ ಸಾಲಿ ಟೀಚರ್. ಎಣ್ಣೆ ನೀರಿನ ದಿನ ತಾಯಿಗೆ ಎಣ್ಣೆ ಹಚ್ಚಲು ಬಚ್ಚಲಿಗೆ ಹೋದವಳು ಕಿರುಚಿದ್ದು ಅಂಗಳದವರೆಗೆ ಕೇಳಿಸಿತು.

ಮರುದಿನವೇ ಬೆಳಗಾವಿಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ನಮ್ಮನ್ನೂ ಒಳಗೆ ಕರೆದು, "ಎಷ್ಟ್ ದಿನಾ ಆತ್ರಿ ಇದು?" ಎಂದು ಕೇಳಿದರು. ಮಗಳು ತಾಯಿಯ ಮುಖ ನೋಡಿದಳು. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ನನಗೆ ಎಲ್ಲವೂ ಒಟ್ಟಿಗೇ ಬಂತು. ಚಹಾದ ಕಪ್ಪು, ಶುಕ್ರವಾರ, ಸೋಮವಾರ ಎಂದ ನನ್ನದೇ ಬಾಯಿ, ಆಕೆ ಉಟ್ಟಿದ್ದ ಸೀರೆ. ಆಕೆ ನನ್ನ ಕಡೆ ಒಂದು ಕ್ಷಣ ನೋಡಿ, ಡಾಕ್ಟರಿಗೆ ಹೇಳಿದಳು:

"ಈಗೀಗ ನೋಡ್ರಿ. ಹದಿನೈದಿಪ್ಪತ್ತ ದಿನಾ."

"ಇದು ಇಪ್ಪತ್ತ ದಿನದ್ದಲ್ಲಮ್ಮಾ," ಎಂದರು ಡಾಕ್ಟರು.

ಆಕೆ ಬೇರೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಶಸ್ತ್ರಕ್ರಿಯೆ ಆಯಿತು, ಸಲೈನಿನಲ್ಲಿ ಔಷಧಿ ಹಾಕಿದರು, ಕೂದಲು ಉದುರಿತು. ಆದರೆ ಬೇನೆ ಅದಾಗಲೇ ಎಲುಬಿಗೆ ಇಳಿದಿತ್ತು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಆಕೆಯ ಕಾಲೊತ್ತುತ್ತ ಕುಳಿತಿದ್ದೆ. ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಎಷ್ಟೋ ದಿನಗಳಿಂದ ಗಂಟಲಲ್ಲಿ ಇದ್ದದ್ದನ್ನು ಅಂದು ಕೇಳಿದೆ.

"ನೀ ಇನ್ನೊಂದ ಸಲ ಯಾಕ ಹೇಳಲಿಲ್ಲ?"

ಆಕೆ ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಹೇಳಿದಳು. "ಜಲ್ಮ ಎಲ್ಲಾ ನಿಮಗ ನೆನಪ ಮಾಡಿಕೊಟ್ಟೇನ್ರಿ. ಚಸ್ಮಾ, ಡಬ್ಬಿ, ಗುಳಿಗಿ... ಇದೊಂದ ನೀವಾಗೆ ನೆನಪ ಇಟ್ಕೊಂಡ ಕೇಳ್ತೀರಿ ಅಂತ ಕುಂತೆ. ಇವತ್ತ ಕೇಳ್ತಾರ, ನಾಳೆ ಕೇಳ್ತಾರ ಅಂತ. ಆಮ್ಯಾಲ ಹೇಳಾಕ ನನಗ ಅಂಜಿಕಿ ಆತು."

"ಯಾರ ಅಂಜಿಕಿ?"

"ನನ್ನ ಮಾತೂ ನಿಮ್ಮ ತಲ್ಯಾಗ ನಿಲ್ಲಲಿಲ್ಲ ಅನ್ನೂದು ಖರೇನ ಆಕ್ಕೈತಲ್ಲ, ಅದರ ಅಂಜಿಕಿ."

ನಾನು ಅವಳ ಪಾದದ ಮೇಲೆ ತಲೆಯಿಟ್ಟು ಅತ್ತೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ಅಷ್ಟು ಶಕ್ತಿ ಇರಲಿಲ್ಲ. "ಹಂಗ ಮಾಡಬ್ಯಾಡ್ರಿ, ಮಂದಿ ನೋಡ್ತಾರ," ಎಂದಳು.

ಮುಂದಿನ ದೀಪಾವಳಿ ಬರುವ ಮೊದಲೇ ಆಕೆ ಹೋದಳು. ಮೂವತ್ತೆಂಟು ವರ್ಷದ ಸಂಸಾರ.

ಆಮೇಲೆ ನನ್ನ ದೇಹ ಕುಸಿಯತೊಡಗಿತು. ಮಂದಿ ಅದನ್ನು ದುಃಖ ಎಂದರು. ದುಃಖವೂ ಇತ್ತು, ಆದರೆ ಅದಕ್ಕಿಂತ ಸಣ್ಣ ಸಂಗತಿಗಳೇ ನನ್ನನ್ನು ಕೆಡವಿದವು. ಬಿ.ಪಿ. ಗುಳಿಗೆ ತೆಗೆದುಕೊಂಡೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಮ್ಮೆ ನಾಲ್ಕು ದಿನ ಬಿಟ್ಟೆ, ಒಮ್ಮೆ ಒಂದೇ ಬೆಳಿಗ್ಗೆ ಎರಡು ಸಲ ನುಂಗಿದೆ. ಒಲೆಯ ಮೇಲೆ ಹಾಲಿಟ್ಟು ಮರೆತು ಎರಡು ಪಾತ್ರೆ ಸುಟ್ಟವು. ಊಟ ಮರೆತು, ಆಮೇಲೆ ಹಸಿವಾದಾಗ ಸಿಕ್ಕಿದ್ದನ್ನು ತಿನ್ನುತ್ತಿದ್ದೆ. ಶುಗರ್ ಏರಿತು. ಹೆಬ್ಬೆರಳಿನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮಗಳು ಬಂದು ಮನೆಯ ಸ್ಥಿತಿ ನೋಡಿ, ಬೀಗ ಹಾಕಿಸಿ ಹುಕ್ಕೇರಿಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ಬೆಳಿಗ್ಗೆ ಮತ್ತೆ ಎರಡು ಸಲ ಗುಳಿಗೆ ತೆಗೆದುಕೊಂಡಿರಬೇಕು, ಬಚ್ಚಲಲ್ಲಿ ತಲೆ ತಿರುಗಿ ಬಿದ್ದೆ. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು ನನ್ನ ಕತೆ ಕೇಳಿ ಮಗಳಿಗೆ ಮೆಲ್ಲಗೆ, "ಮರೆವಿನ ಬ್ಯಾನಿ ಸುರು ಆಗಿರಬೇಕು, ಒಮ್ಮೆ ಮನಸ್ಸಿನ ಡಾಕ್ಟರಿಗೆ ತೋರಸ್ರಿ" ಎಂದರು. ಮಗಳು ಅಂದು ಅಡುಗೆಮನೆಯಲ್ಲಿ ಅತ್ತದ್ದು ನನಗೆ ಕೇಳಿಸಿತು. ನನಗೆ ಮಾತ್ರ ಒಂದು ಬಗೆಯ ಸಮಾಧಾನ. ಎಲ್ಲ ಮರೆತುಹೋಗುವುದಾದರೆ ಬಹಳ ಒಳ್ಳೆಯದು ಎನಿಸಿತ್ತು.

ಮನಸ್ಸಿನ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ಮಗಳಿಗಿಂತ ಎರಡೋ ಮೂರೋ ವರ್ಷ ದೊಡ್ಡವರಿರಬಹುದು. ತಿಂಗಳಿಗೆ ಒಂದು ದಿನ ಹುಕ್ಕೇರಿಗೆ ಬಂದು ಕೂರುತ್ತಿದ್ದರು. ಐದು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, ಐದನ್ನೂ ಹೇಳಿದೆ. ಗಡಿಯಾರದ ಚಿತ್ರ ತೆಗೆಸಿದರು. ಮೂಡಲಗಿ ರೂಟಿನ ಸ್ಟಾಪುಗಳನ್ನು ಹೇಳಿ ಎಂದರು. ಅವನ್ನು ಕೊನೆಯಿಂದ ಮೊದಲಿಗೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಕಾಕಾ, ಈ ಮರಿಯೂದು ಯಾವಾಗಿಂದ ಐತ್ರಿ?" ಎಂದು ಕೇಳಿದರು.

"ಸಾಲಿಗೆ ಹೋಗೂವಾಗಿಂದ ಐತ್ರಿ ಮೇಡಮ್," ಎಂದೆ.

ಅವರು ನನ್ನನ್ನು ನೋಡಿದ ರೀತಿ ಬದಲಾಯಿತು. ಆಮೇಲೆ ಸಾಲಿ, ಗ್ಯಾರೇಜು, ಡ್ಯೂಟಿ, ಮನೆ ಎಲ್ಲ ಕೇಳಿದರು. ಮಗಳನ್ನೂ ಕೇಳಿದರು. ಒಂದೇ ಭೇಟಿಯಲ್ಲಿ ಹೇಳಲು ಬರುವುದಿಲ್ಲ ಎಂದು ಇನ್ನೆರಡು ತಿಂಗಳು ಕರೆಸಿಕೊಂಡರು. ಮೂರನೆಯ ಸಲ ಹೇಳಿದರು: ಇದು ಮುಪ್ಪಿನ ಮರೆವಲ್ಲ. ಹುಟ್ಟಿನಿಂದಲೇ ಬಂದ ಗಮನದ ಕೊರತೆ. ಮಕ್ಕಳಲ್ಲಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತು, ಆ ಮಕ್ಕಳು ಮುದುಕರಾಗುತ್ತಾರೆ ಎನ್ನುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

"ಹಂಗಾದ್ರ ಅಪ್ಪ ಮೂವತ್ತ ವರ್ಷ ಬಸ್ ಹೆಂಗ ಹೊಡದ್ನ್ರಿ?" ಎಂದಳು ಮಗಳು.

"ಇಂಥಾವ್ರಿಗೆ ಯಾವುದರ ಒಂದು ಕೆಲಸ ಗಟ್ಟ್ಯಾಗಿ ಹಿಡಕೊಂತೈತ್ರಿ. ಅವರಿಗೆ ರಸ್ತಾ ಹಿಡಕೊಂಡಿತ್ತು. ಎಲ್ಲಾರಿಗೂ ಹಂಗ ಆಗೂದಿಲ್ಲ. ಉಳದದ್ದನ್ನ ನಿಮ್ಮ ತಾಯಿ ಹಿಡಕೊಂಡಿದ್ರು. ಹೊತ್ತಿಗೆ ಗುಳಿಗಿ, ಹೊತ್ತಿಗೆ ಊಟ, ನಿದ್ದಿ ಇದ್ರನ ಬಿ.ಪಿ., ಶುಗರ್ ಮಾತ ಕೇಳತಾವ. ಗಮನ ನಿಲ್ಲದಾವ್ರಿಗೆ ಅದ ಕಷ್ಟ. ಆಸರ ಹೋದ ಮ್ಯಾಲ ದೇಹಾನೂ ಜೋತ ಬೀಳತೈತಿ. ಇದು ಮೈಗಳ್ಳತನ ಅಲ್ರಿ."

ಮಗಳು ನನ್ನ ಭುಜದ ಮೇಲೆ ಕೈಯಿಟ್ಟಳು. ಅಂದು ನಾನು ಸುಮ್ಮನಿದ್ದಿದ್ದರೆ ಆ ಕೈ ಅಲ್ಲೇ ಇರುತ್ತಿತ್ತು. ಆದರೆ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಮೇಡಮ್, ನನ್ನ ಹೆಂಡತಿ ಎದ್ಯಾಗ ಗಂಟ ಐತಿ ಅಂತ ಹೇಳಿದ್ಲ್ರಿ. ದೀಪಾವಳಿಕಿಂತ ಐದ ತಿಂಗಳ ಮೊದಲ. ಸೋಮವಾರ ಹೋಗೂಣು ಅಂದಿದ್ದೆ. ಮರತೆ. ಅದೂ ಇದರಿಂದನ ಆತೇನ್ರಿ?"

ಭುಜದ ಮೇಲಿನ ಕೈ ಮೆಲ್ಲಗೆ ಸರಿಯಿತು.

"ಇದರಿಂದ ಆಗಿರಬಹುದು, ಕಾಕಾ," ಎಂದರು ಡಾಕ್ಟರಮ್ಮ. "ನಿಮಗ ಅವರ ಮ್ಯಾಲ ಮಾಯಾ ಇರಲಿಲ್ಲ ಅಂತ ಅಲ್ಲ. ಆದ್ರ ನಾ ಹಿಂಗ ಹೇಳಿದ್ದರಿಂದ ನಿಮಗ ಹಗುರ ಆಗೂದಿಲ್ಲ ಅಂತ ನನಗ ಗೊತ್ತೈತಿ." ಬೇಗ ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಅದನ್ನ ಯಾರೂ ಹೇಳಾಕ ಬರೂದಿಲ್ರಿ," ಎಂದರು. ಸುಳ್ಳು ಸಮಾಧಾನ ಹೇಳದ ಅವರಿಗೆ ನಾನು ಋಣಿ.

ಮನೆಗೆ ನಡೆದು ಬಂದೆವು. ಮಗಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ತಾಟು ಇಡುತ್ತಿದ್ದಳು, ತಾಟಿನ ಬದಿಯಲ್ಲಿ ಗುಳಿಗೆ ಇಟ್ಟು ನಾನು ನುಂಗುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಏನಾದರೂ ಹೇಳಬೇಕಾದರೆ ತನ್ನ ಮಗಳಿಗೆ, "ಅಜ್ಜಗ ಹೇಳು" ಎನ್ನುತ್ತಿದ್ದಳು. ಒಂಬತ್ತನೆಯ ದಿನ ಮೆಂತ್ಯೆಪಲ್ಯ ಸೋಸುತ್ತ ಕುಳಿತಿದ್ದವಳು ತಲೆಯೆತ್ತದೆ ಕೇಳಿದಳು.

"ಅವ್ವ ಎರಡನೇ ಸಲ ಯಾಕ ಹೇಳಲಿಲ್ಲಪ್ಪಾ?"

ವಾರ್ಡಿನಲ್ಲಿ ಆಕೆ ಅಂದದ್ದನ್ನೆಲ್ಲ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಿಲ್ಲ, ಹೋಗುವುದೂ ಇಲ್ಲ.

ಮಗಳ ಕೈ ನಿಂತಿತು. "ನನಗರ ಹೇಳಬೇಕಿತ್ತಲ್ಲ ಆಕಿ," ಎಂದಳು. "ಒಂದ್ ಫೋನ್ ಮಾಡಿದ್ರ ಓಡಿ ಬರತಿದ್ದೆ. ನಿನಗ ಪರೀಕ್ಷಾ ಇಡಾಕ ಹೋಗಿ ನನ್ನ ಅವ್ವನ್ನ ಕಳದ್ಲು." ಆಮೇಲೆ ಪಲ್ಯದ ಬುಟ್ಟಿಯನ್ನು ಬದಿಗೆ ತಳ್ಳಿ ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತಳು. ನಾನು ಹತ್ತಿರ ಹೋಗಿ ತಲೆ ಮುಟ್ಟಿದೆ. ಬೇಡವೆನ್ನಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

ಮಗಳಿಗೆ ಗೊತ್ತಾದ ಮೇಲೆ ಘೋಡಗೇರಿಯಲ್ಲಿರುವ ನನ್ನ ಹೆಂಡತಿಯ ತಮ್ಮನಿಗೂ ಹೇಳಬೇಕು ಎನಿಸಿತು. ಅಕ್ಕನನ್ನು ಕೈಯೆತ್ತಿ ಕೊಟ್ಟ ಮನೆಯವನು, ತಿಳಿಯುವ ಹಕ್ಕು ಅವನಿಗಿದೆ. ಮಗಳು, "ಈಗ ಹೇಳಿ ಏನ್ ಮಾಡ್ತಿ?" ಎಂದಳು. ಆದರೂ ಒಂದು ರವಿವಾರ ಹೋದೆ. ಅವನು ಗೋವಿನಜೋಳಕ್ಕೆ ನೀರು ಹಾಯಿಸುತ್ತಿದ್ದ. ನನ್ನನ್ನು ಕಂಡು ಸಲಿಕೆ ಬಿಟ್ಟು ಬಂದು, "ಬರ್ರಿ ಮಾಮಾ, ಏನ್ ಒಮ್ಮಿಂದೊಮ್ಮೆಲೆ?" ಎಂದು ಬದುವಿನ ಮೇಲೆ ಟವೆಲು ಹಾಸಿ ಕೂರಿಸಿದ. ಹೇಳಿದೆ. ಡಾಕ್ಟರು ಹೇಳಿದ ಹೆಸರನ್ನು ಹೇಳಲಿಲ್ಲ. ಅದು ನೆಪದಂತೆ ಕೇಳುತ್ತದೆ ಎನಿಸಿತು. ನಾನು ಮರೆತೆ ಎಂದಷ್ಟೇ ಹೇಳಿದೆ.

ಅವನು ಹರಿಯುವ ನೀರನ್ನೇ ನೋಡುತ್ತಿದ್ದ. ಮಡಿ ತುಂಬಿ ನೀರು ಒಡೆದುಕೊಂಡು ಹೋಗುತ್ತಿದ್ದರೂ ಏಳಲಿಲ್ಲ.

"ಮಾಮಾ, ಅಕ್ಕ ಪಂಚಮಿಗೆ ಬಂದಾಗ ನಾ ಕೇಳಿದ್ನಿರಿ," ಎಂದ. "ಯಾಕ ಇಷ್ಟ ಸೊರಗೀದಿ ಅಂತ. ಬೆಳಗಾಂವಿಗೆ ದವಾಖಾನಿಗೆ ಹೋಗೂದೈತಿ ಅಂದ್ಲು. ನಾಳೆನ ನಾ ಕರಕೊಂಡ ಹೋಗ್ತೇನಿ ನಡಿ ಅಂದ್ನಿ. 'ಬ್ಯಾಡೋ, ಅವರಿಗೆ ಹೇಳೇನಿ, ಅವರ ಕರಕೊಂಡ ಹೋಗ್ತಾರ, ನೀ ಕರಕೊಂಡ ಹೋದ್ರ ಅವರ ಮನಸ್ಸಿಗೆ ಬ್ಯಾಸರ ಆಕ್ಕೈತಿ' ಅಂದ್ಲು. ನೀವ್ ಅದೀರಲ್ಲ ಅಂತ ನಾನೂ ಬಿಟ್ಟೆ."

ಅವನು ಕೆಸರಿನ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡ. "ನೀವು ಇದನ್ನ ನನಗ ಹೇಳಬಾರದಿತ್ರಿ ಮಾಮಾ. ಇಷ್ಟ ದಿನಾ ನಾ ಬಿಟ್ಟದ್ದು ತಪ್ಪಂತ ನನಗ ಗೊತ್ತಿರಲಿಲ್ಲ."

ತಪ್ಪು ನಿನ್ನದಲ್ಲ ಎಂದೆ. ಅವನು ತಲೆಯಲ್ಲಾಡಿಸಿ, ಎದ್ದು, ಸಲಿಕೆ ತೆಗೆದುಕೊಂಡು ಒಡೆದ ಮಡಿಗೆ ಮಣ್ಣು ಎಳೆಯತೊಡಗಿದ. ಮನೆಗೆ ಬನ್ನಿ ಎನ್ನಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ನಾನೇ ರಸ್ತೆಗೆ ನಡೆದು ಬಂದೆ.

ಈಗ ನನಗೆ ಅರವತ್ತಾರು. ಹೃದಯ ಸ್ವಲ್ಪ ಸೋತಿರುವುದರಿಂದ ಗಮನಕ್ಕೆಂದು ಇರುವ ಜೋರಿನ ಗುಳಿಗೆ ನನಗೆ ಕೊಡುವಂತಿಲ್ಲ ಎಂದಿದ್ದಾರೆ. ವಾರದ ಏಳು ದಿನಕ್ಕೆ ಏಳು ಖಾನೆಯ ಡಬ್ಬಿ ಇದೆ, ಮೊಬೈಲು ಹೊತ್ತುಹೊತ್ತಿಗೆ ಕೂಗುತ್ತದೆ, ದಿನಕ್ಕೆ ಎರಡು ಸಲ ನಡೆಯುತ್ತೇನೆ. ಬಿ.ಪಿ. ಹತೋಟಿಗೆ ಬಂದಿದೆ, ಶುಗರ್ ಇಳಿದಿದೆ. ಕಳೆದ ತಿಂಗಳು ಡಾಕ್ಟರಮ್ಮ ಕಾಗದ ನೋಡಿ, "ಕಾಕಾ, ಬಾಳ ಚಲೋ ಆತ್ರಿ, ಹಿಂಗ ಇರ್ರಿ" ಎಂದು ಸಂತೋಷಪಟ್ಟರು. ಮಗಳೂ ನಕ್ಕಳು. ಒಂದು ಡಬ್ಬಿ, ಒಂದು ಮೊಬೈಲು ಮಾಡುವ ಇಷ್ಟು ಸುಲಭದ ಕೆಲಸಕ್ಕೆ ನನ್ನ ಹೆಂಡತಿ ಜೀವಮಾನವಿಡೀ ಒಬ್ಬಳೇ ನಿಂತಿದ್ದಳಲ್ಲ ಎಂದು ನಾನು ಆ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತೆ.